ಹಿಟ್ಟಿನ ಹುಂಜವೂ ಮಣ್ಣಿನ ಸೈನಿಕರೂ

ಹಿಂಸೆಯು ಕೈಯಿಂದ ನಡೆಯುವುದಕ್ಕೆ ಮುನ್ನ ಮನಸ್ಸಿನಲ್ಲಿ ನಡೆದಿರುತ್ತದೆ ಎಂಬುದು ಜಿನಧರ್ಮದ ತಿಳಿವಳಿಕೆ. ಹಾಗಾದರೆ ಜೀವವಿಲ್ಲದ ಗೊಂಬೆಗಳನ್ನು ಮೇಜಿನ ಮೇಲೆ ಎದುರುಬದುರಾಗಿ ನಿಲ್ಲಿಸಿ ಯುದ್ಧವಾಡುವುದು ಹಿಂಸೆಯೋ, ವಿನೋದವೋ? ಈ ಪ್ರಶ್ನೆಯು ಹೊಳೆನರಸೀಪುರದ ಜವಳಿ ವ್ಯಾಪಾರಿಯೊಬ್ಬರ ಮನೆಯಲ್ಲಿ ಒಂದು ದಸರಾ ರಜೆಯಲ್ಲಿ ಎದ್ದಿತು.

ಅರಕಲಗೂಡು ಮತ್ತು ಚನ್ನರಾಯಪಟ್ಟಣಗಳಿಂದ ಹೆಣ್ಣುಮಕ್ಕಳ ಮಕ್ಕಳೆಲ್ಲ ಬಂದು ನೆರೆದಿದ್ದರು. ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಹಿರಿಯ ಮೊಮ್ಮಗನು ಹಜಾರದ ಮೇಜಿನ ಮೇಲೆ 1565ನೆಯ ಜನವರಿ 23ರ ತಾಳಿಕೋಟೆಯ ಕದನವನ್ನು ಅಣಿಗೊಳಿಸಿದ್ದನು. ನೀಲಿ ಬಟ್ಟೆಯ ಪಟ್ಟಿಯೇ ಕೃಷ್ಣಾ ನದಿ. ಅದರ ಬಳಿ ರಕ್ಕಸಗಿ, ತಂಗಡಗಿ ಗ್ರಾಮಗಳು. ಒಂದು ಕಡೆ ಅಳಿಯ ರಾಮರಾಯ ಮತ್ತು ಅವನ ತಮ್ಮಂದಿರಾದ ತಿರುಮಲ, ವೆಂಕಟಾದ್ರಿ. ಇನ್ನೊಂದು ಕಡೆ ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರ್‌ಗಳ ಸುಲ್ತಾನರು. ಸೈನಿಕರೆಲ್ಲ ಹೆಬ್ಬೆರಳುದ್ದದ ಜೇಡಿಮಣ್ಣಿನ ಗೊಂಬೆಗಳು. ಚರಿತ್ರಕಾರರು ಕೊಡುವ ಸೈನ್ಯಸಂಖ್ಯೆಗಳು ಒಂದಕ್ಕೊಂದು ಹೊಂದದ ಕಾರಣ, ಒಂದು ಗೊಂಬೆಗೆ ಐನೂರು ಮಂದಿ ಎಂದು ಅವನೇ ಗೊತ್ತುಮಾಡಿಕೊಂಡಿದ್ದನು. ಯಾರು ಬೀಳಬೇಕೆಂಬುದನ್ನು ದಾಳ ನಿರ್ಣಯಿಸುತ್ತಿತ್ತು.

ದಾಳವನ್ನು ಕಂಡೊಡನೆ ತಾತನವರು, ದ್ಯೂತವು ಸಪ್ತವ್ಯಸನಗಳಲ್ಲಿ ಒಂದೆಂದು ನೆನಪಿಸಿದರು. "ಪಣವಿಲ್ಲ ತಾತ, ನೀವೇ ನೋಡಿ" ಎಂದನು ಮೊಮ್ಮಗ. ಆದರೆ ಅವರ ನಿಜವಾದ ಆಕ್ಷೇಪಣೆ ಬೇರೆಯೇ ಆಗಿತ್ತು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅನರ್ಥದಂಡವನ್ನು ವಿವರಿಸುವಾಗ, ಜಯ, ಪರಾಜಯ, ಯುದ್ಧಗಳನ್ನು ಮನಸ್ಸಿನಲ್ಲಿ ಚಿಂತಿಸುವುದನ್ನೂ ಅಪಧ್ಯಾನವೆಂದು ನಿಷೇಧಿಸಿದ್ದಾರೆ. ಹೊಯ್ಸಳರ ಆಸ್ಥಾನದ ಜನ್ನನು 1209ರಲ್ಲಿ ಬರೆದ ಯಶೋಧರ ಚರಿತೆಯ ಸಾರವೂ ಇದೇ. ಜೀವವಧೆಗೆ ಒಪ್ಪದ ಯಶೋಧರನು ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನ ಹುಂಜವನ್ನು ಬಲಿಕೊಟ್ಟನು. ಹುಂಜ ಹಿಟ್ಟಿನದಾಗಿತ್ತು, ಸಂಕಲ್ಪ ಹಿಟ್ಟಿನದಾಗಿರಲಿಲ್ಲ. ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲಬೇಕಾಯಿತು. "ನಿನ್ನ ಈ ಸೈನಿಕರು ಮಣ್ಣಿನ ಹುಂಜಗಳಲ್ಲವೇನಪ್ಪಾ?" ಎಂದು ತಾತನವರು ಕೇಳಿದರು.

ಮೊಮ್ಮಗನು ಪುಸ್ತಕ ಓದಿದವನು. ಪ್ರಷ್ಯದ ಸೈನ್ಯವು 1824ರ ಸುಮಾರಿಗೆ ಇಂತಹ ಆಟದಿಂದಲೇ ತನ್ನ ಅಧಿಕಾರಿಗಳಿಗೆ ರಣವಿದ್ಯೆಯನ್ನು ಕಲಿಸಿತೆಂಬುದನ್ನು ಅವನು ಮರೆಮಾಚಲಿಲ್ಲ. ಆದರೆ 1913ರಲ್ಲಿ ಇದಕ್ಕೆ ನಿಯಮಗಳನ್ನು ಬರೆದ ಆಂಗ್ಲ ಲೇಖಕ ಎಚ್. ಜಿ. ವೆಲ್ಸ್, ನಿಜವಾದ ಯುದ್ಧಕ್ಕಿಂತ ಈ ಪುಟ್ಟ ಯುದ್ಧವೇ ಲೇಸೆಂದು ವಾದಿಸಿದ್ದನ್ನೂ, ಮರುವರ್ಷವೇ ಮಹಾಯುದ್ಧ ಹೊತ್ತಿಕೊಂಡದ್ದನ್ನೂ ಹೇಳಿದನು. "ಯುದ್ಧವನ್ನು ತಿಳಿಯುವುದೂ ಬಯಸುವುದೂ ಒಂದೇ ಆದರೆ, ಪಂಪನ ಆದಿಪುರಾಣದಲ್ಲಿ ಭರತನ ದಿಗ್ವಿಜಯವನ್ನು ನಾವು ಓದಲೇಬಾರದಲ್ಲವೇ ತಾತ?" ಎಂದನು. ತಾತನವರು ಉತ್ತರ ಕೊಡದೆ ಕುರ್ಚಿ ಎಳೆದುಕೊಂಡು ಕುಳಿತರು.

ಆಟ ಸಾಗಿತು. ಅಹಮದ್‌ನಗರದ ತೋಪುಗಳ ಸರದಿ ಬಂದಾಗ ಮೊಮ್ಮಗನು, ರೂಮಿಖಾನನು ಆ ತೋಪುಗಳಿಗೆ ತಾಮ್ರದ ನಾಣ್ಯಗಳ ಚೀಲಗಳನ್ನು ತುಂಬಿಸಿ ಸಮೀಪದಿಂದಲೇ ಹಾರಿಸಿದನೆಂದು ಇತಿಹಾಸಕಾರ ಫಿರಿಶ್ತಾ ಬರೆದಿರುವುದನ್ನು ವಿವರಿಸಿದನು. ನಾಲ್ಕು ದಶಕ ನಾಣ್ಯಗಳನ್ನು ಎಣಿಸಿದ ವ್ಯಾಪಾರಿಯ ಮುಖ ಕಳೆಗುಂದಿತು. ಆಮೇಲೆ ರಾಮರಾಯನ ಆನೆ ಉರುಳಿತು. ಅರಕಲಗೂಡಿನ ಒಂಬತ್ತು ವರ್ಷದ ಹುಡುಗನು "ಕೊಂದೆ!" ಎಂದು ಕುಣಿದನು.

ಗೊಂಬೆ ನಿರ್ಜೀವ, ಕುಣಿದ ಮನಸ್ಸು ನಿರ್ಜೀವವಲ್ಲ. ತಾತನವರು ಗದರಿಸಲಿಲ್ಲ. ಅಂಗಡಿಯ ಲೆಕ್ಕದ ಪುಸ್ತಕದಿಂದ ಒಂದು ಹಾಳೆ ತರಿಸಿ, ನಡುವೆ ಗೆರೆ ಎಳೆದು, ಬಿದ್ದ ಗೊಂಬೆಗಳನ್ನು ಎಣಿಸುವಂತೆ ಅದೇ ಹುಡುಗನಿಗೆ ಹೇಳಿದರು. ಎರಡೂ ಕಡೆ ಸೇರಿ ನಲವತ್ತಮೂರು. ಐನೂರರಿಂದ ಗುಣಿಸಲು 21,500. ಆ ಮೊತ್ತವನ್ನು ಖರ್ಚಿನ ಕಡೆಗೆ ಬರೆಸಿ, "ಈಗ ಜಮಾ ಕಡೆಗೆ ಏನು ಬರೆಯೋಣ ಮಗು?" ಎಂದು ಕೇಳಿದರು. ಹುಡುಗನು ಬಹಳ ಹೊತ್ತು ಯೋಚಿಸಿದನು. ವಿಜಯನಗರ ಪಾಳುಬಿತ್ತು; ಗೆದ್ದ ಸುಲ್ತಾನರ ಒಗ್ಗಟ್ಟೂ ಉಳಿಯಲಿಲ್ಲ; ಕಾಲಕ್ರಮದಲ್ಲಿ ಹೊಳೆನರಸೀಪುರದ ಪಾಳೆಯಗಾರಿಕೆಯೂ ಮೈಸೂರಿನ ವಶವಾಯಿತು. ಜಮಾ ಕಡೆ ಖಾಲಿಯಾಗಿಯೇ ಉಳಿಯಿತು.

ಆಗ ಚನ್ನರಾಯಪಟ್ಟಣದ ಮೊಮ್ಮಗಳು, ತಮ್ಮ ತಾಲ್ಲೂಕಿನ ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಂತಿರುವ ಸ್ವಾಮಿಯ ಕಥೆಯನ್ನು ನೆನೆದಳು. ಭರತ ಬಾಹುಬಲಿಯರ ಸೇನೆಗಳು ಎದುರಾದಾಗ ಮಂತ್ರಿಗಳು ನಡುವೆ ಬಂದು, ಸೈನಿಕರು ಸಾಯುವುದು ಬೇಡ, ಅಣ್ಣತಮ್ಮಂದಿರಿಬ್ಬರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ತೀರ್ಮಾನಿಸಿಕೊಳ್ಳಲಿ ಎಂದರಲ್ಲವೇ? "ಅಣ್ಣ, ನಿನ್ನ ಆಟದಲ್ಲಿ ಮಂತ್ರಿಗಳೇ ಇಲ್ಲವಲ್ಲ!" ಎಂದಳು.

ಮೊಮ್ಮಗನು ಅಂದು ರಾತ್ರಿಯೇ ಹೊಸ ನಿಯಮವೊಂದನ್ನು ಬರೆದನು: ದಾಳ ಎಸೆಯುವುದಕ್ಕೆ ಮೊದಲು ಎರಡೂ ಪಕ್ಷಗಳ ಮಂತ್ರಿಗಳು ಮೂರು ಸಲ ಸಂಧಿಗೆ ಯತ್ನಿಸತಕ್ಕದ್ದು, ಆಟ ಮುಗಿದ ಮೇಲೆ ಜಮಾಖರ್ಚನ್ನು ಎಲ್ಲರೆದುರು ಓದತಕ್ಕದ್ದು. ತಾತನವರು ಅದನ್ನು ಓದಿ, ಗೊಂಬೆಗಳನ್ನು ಎಸೆಯಬೇಕಾಗಿಲ್ಲವೆಂದರು. ದಾಳವನ್ನು ಮಾತ್ರ ಅವರು ಕೊನೆಯವರೆಗೂ ಒಪ್ಪಲಿಲ್ಲ.

ಮಕ್ಕಳ ಕೈಯಿಂದ ಆಟಿಕೆಯನ್ನು ಕಿತ್ತುಕೊಳ್ಳುವುದು ಸುಲಭ. ಆಡುವ ಮನಸ್ಸಿನ ಜೊತೆಗೆ ಕುಳಿತುಕೊಳ್ಳುವುದು ಕಷ್ಟ. ನಮ್ಮ ಮನೆಗಳ ಹಿರಿಯರೂ ಪಾಠಶಾಲೆಗಳನ್ನು ನಡೆಸುವ ಬಸದಿಗಳ ಧರ್ಮದರ್ಶಿಗಳೂ ಆ ಕಷ್ಟವನ್ನು ವಹಿಸಿಕೊಂಡರೆ, ಅಹಿಂಸೆಯು ಮಕ್ಕಳಿಗೆ ಬಾಯಿಪಾಠವಾಗಿ ಉಳಿಯದೆ ಅವರದೇ ಲೆಕ್ಕಾಚಾರವಾಗಿ ಬೆಳೆಯುವುದು.