ಮೇಜಿನ ಮೇಲೆ ಯಾವ ಸ್ಟೇಷನ್ ಕಟ್ಟೋಣ?

ಪುಟಾಣಿ ರೈಲಿಗೂ ಒಂದು ಊರು ಬೇಕಲ್ಲ ಮಕ್ಕಳೇ! ರಟ್ಟು, ಬೆಂಕಿಕಡ್ಡಿ, ಅಂಟು ತರುವ ಮೊದಲು ಊರನ್ನು ಆರಿಸಬೇಕು. ಬನ್ನಿ, ಮಿರಜದಿಂದ ಬೆಳಗಾವಿಯತ್ತ ಹೊರಟ ರೈಲು ಹತ್ತಿ ಹುಡುಕೋಣ.

ಮಿರಜ ದೊಡ್ಡ ಜಂಕ್ಷನ್. ಬ್ರಾಡ್ ಗೇಜ್, ಮೀಟರ್ ಗೇಜ್, ನ್ಯಾರೋ ಗೇಜ್ ಎಂಬ ಮೂರು ಅಳತೆಯ ಹಳಿಗಳೂ ಒಂದು ಕಾಲಕ್ಕೆ ಅಲ್ಲಿದ್ದವು. ನಮ್ಮ ಮೇಜಿಗೆ ಅದು ಭಾರಿಯಾಯಿತು. ಮುಂದೆ ಕಾಗವಾಡ ತಾಲ್ಲೂಕಿನ ಶೇಡಬಾಳ, ಸಕ್ಕರೆ ಕಾರ್ಖಾನೆಯ ಉಗಾರ ಖುರ್ದ. ಅದನ್ನು ದಾಟಿದರೆ ಕೃಷ್ಣಾ ನದಿಯ ಸೇತುವೆ. ನೋಡಲು ಬಲು ಚಂದ. ಆದರೆ ಒಂದು ಮೀಟರನ್ನು ಒಂದು ಸೆಂಟಿಮೀಟರಿಗೆ ಇಳಿಸಿದರೂ ನೂರು ಮೀಟರ್ ಸೇತುವೆಗೆ ಒಂದು ಮೀಟರ್ ಜಾಗ ಬೇಕು. ಇಡೀ ನದಿಗೆ ಪಡಸಾಲೆಯೇ ಸಾಲದು!

ಕುಡಚಿ ದಾಟಿದರೆ ಚಿಂಚಲಿ, ಆಮೇಲೆ ರಾಯಬಾಗ, ಚಿಕ್ಕೋಡಿ ರೋಡ್. ಹೆಸರಿನಲ್ಲಿ ‘ರೋಡ್’ ಇದ್ದರೆ ಊರು ಇನ್ನೂ ದೂರ ಇದೆ ಎಂದು ತಿಳಿಯಿರಿ. ನಿಪ್ಪಾಣಿ, ಅಥಣಿಗಳಿಗಂತೂ ಈ ಹಳಿ ಹೋಗಲೇ ಇಲ್ಲ.

ನನ್ನ ಆಯ್ಕೆ ಚಿಂಚಲಿ. ಸ್ಟೇಷನ್ ಸಣ್ಣದು, ಕಥೆ ದೊಡ್ಡದು. ಭಾರತ ಹುಣ್ಣಿಮೆಯ ಹೊತ್ತಿಗೆ ಮಾಯಕ್ಕನ ಜಾತ್ರೆಗೆ ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆಯಿಂದ ಚಕ್ಕಡಿಗಳು ಬರುತ್ತವೆ. ಪ್ಲಾಟ್‌ಫಾರಂ ಹಿಂದೆ ನಾಲ್ಕು ಚಕ್ಕಡಿ ನಿಲ್ಲಿಸಿ, ಊರು ಎದ್ದು ಕೂರುತ್ತದೆ.

ಊರು ಸಿಕ್ಕಿತು, ಇನ್ನು ಇಸವಿ ಬೇಕು. ಡಬ್ಬಿಯ ಮೇಲಿನ ಹೆಸರು ಅದರ ಮೇಲೆಯೇ ನಿಂತಿದೆ. 1908ರವರೆಗೆ ಸದರ್ನ್ ಮರಾಠಾ ರೈಲ್ವೆ, ಬಳಿಕ ಮದ್ರಾಸ್ ಆಂಡ್ ಸದರ್ನ್ ಮರಾಠಾ ರೈಲ್ವೆ. 1951ರಿಂದ ದಕ್ಷಿಣ ರೈಲ್ವೆ, 1966ರಿಂದ ದಕ್ಷಿಣ ಮಧ್ಯ ರೈಲ್ವೆ. ಈಗಿನ ನೈಋತ್ಯ ರೈಲ್ವೆ ಬಂದದ್ದು 2003ರಲ್ಲಿ.

ಹಳಿಯೂ ಬದಲಾಯಿತು. ಮೊದಲಿದ್ದದ್ದು ಮೀಟರ್ ಗೇಜ್, ಎರಡು ಹಳಿಗಳ ನಡುವೆ ಒಂದೇ ಮೀಟರ್. ನಮ್ಮ ಮೇಜಿನ ಮೇಲೆ ಸರಿಯಾಗಿ ಒಂದು ಸೆಂಟಿಮೀಟರ್! 1990ರ ದಶಕದಲ್ಲಿ ಅದನ್ನು ಕಿತ್ತು 1,676 ಮಿಲಿಮೀಟರಿನ ಬ್ರಾಡ್ ಗೇಜ್ ಹಾಕಿದರು.

ಕಿತ್ತ ಹಳಿಯನ್ನು ಟೇಪು ಹಿಡಿದು ಅಳೆಯಲಾಗದು. ಇಂಜಿನ್ ಎಲ್ಲಿ ನೀರು ಕುಡಿಯುತ್ತಿತ್ತು, ಟಿಕೆಟ್ ಕಿಟಕಿ ಯಾವ ಬದಿಗಿತ್ತು, ಯಾವ ಮರದ ನೆರಳಲ್ಲಿ ಜನ ಕೂರುತ್ತಿದ್ದರು? ಉತ್ತರ ಅಜ್ಜ, ಅಜ್ಜಿಯರ ನೆನಪಿನಲ್ಲಿದೆ. ಅಜ್ಜಂದಿರೇ, ಮೊಮ್ಮಕ್ಕಳ ಕೈಗೆ ಪೆನ್ಸಿಲ್ ಕೊಟ್ಟು ಹೇಳಲು ಶುರುಮಾಡಿ. ಮಕ್ಕಳೇ, ಮೊದಲು ಆ ಮರ ಬರೆಯಿರಿ, ಹಳಿ ಆಮೇಲೆ.