ಪಟ್ಟಿಯಲ್ಲಿಲ್ಲದ ಸಾಮಾನು

ದೂರದೇಶಕ್ಕೆ ಹೊರಟವರ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಹುಟ್ಟುವುದು ಒಂದು ಪಟ್ಟಿ. ಮೊದಲ ದಿನ ಅದು ಅರ್ಧ ಹಾಳೆಯಷ್ಟಿರುತ್ತದೆ. ವಾರ ಕಳೆಯುವುದರೊಳಗೆ ಬಂಧುಬಳಗದವರ ಸಲಹೆಗಳನ್ನೆಲ್ಲ ಉಂಡು ನಾಲ್ಕು ಹಾಳೆಗಳಾಗಿ ಬೆಳೆಯುತ್ತದೆ. ಗೌನಿಪಲ್ಲಿಯ ಆ ಮನೆಯಲ್ಲಿಯೂ ಹಾಗೆಯೇ ಆಯಿತು. ಸೊಸೆಗೆ ಜರ್ಮನಿಯ ವಿಶ್ವವಿದ್ಯಾನಿಲಯವೊಂದರಲ್ಲಿ ಮೂರು ವರ್ಷ ಸಂಶೋಧನೆ ನಡೆಸುವ ಅವಕಾಶ ದೊರೆತಿತ್ತು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಗಂಡನೂ ಜೊತೆಗೆ ಹೊರಡುವುದೆಂದು ನಿಶ್ಚಯವಾಗಿತ್ತು. ಪಯಣ ಅಕ್ಟೋಬರಿನಲ್ಲಿ. ಆಗಿನ್ನೂ ಮೇ ತಿಂಗಳ ಕೊನೆ. ಶ್ರೀನಿವಾಸಪುರದ ಮಂಡಿಗೆ ಮಾವಿನಹಣ್ಣಿನ ಲಾರಿಗಳು ಸಾಲುಗಟ್ಟುವ ಕಾಲ. ಕಪಾಟಿನ ಬಾಗಿಲಿಗೆ ಅಂಟಿಸಿದ ಪಟ್ಟಿಯಲ್ಲಿ ರಾಗಿಹಿಟ್ಟು, ಚಟ್ನಿಪುಡಿ, ಹುರಳಿಕಾಳು, ಉಣ್ಣೆಯ ಕಾಲುಚೀಲ, ಪುಟ್ಟ ಕುಕ್ಕರು ಎಲ್ಲವೂ ಇದ್ದವು. ಅಜ್ಜಿಯ ಅಪ್ಪಣೆಯಂತೆ ಮಾವಿನ ಉಪ್ಪಿನಕಾಯಿಗೆ ಪಟ್ಟಿಯ ತಲೆಯಲ್ಲೇ ಸ್ಥಾನ ಸಿಕ್ಕಿತ್ತು.

ಆದರೆ ಆ ಪಟ್ಟಿಯಲ್ಲಿ ಒಂದು ಸಾಮಾನು ಇರಲಿಲ್ಲ. ಅದನ್ನು ಬರೆಯಬೇಕೆಂದು ಗಂಡಹೆಂಡಿರಿಬ್ಬರಿಗೂ ತೋಚಿತ್ತು. ಬರೆಯುವ ಧೈರ್ಯ ಮಾತ್ರ ಇಬ್ಬರಿಗೂ ಇರಲಿಲ್ಲ.

ಮದುವೆಯಾಗಿ ಒಂದೂವರೆ ವರ್ಷ. ಮಕ್ಕಳು ಬೇಡವೆಂಬ ಹಟ ಇಬ್ಬರಲ್ಲಿ ಯಾರಿಗೂ ಇರಲಿಲ್ಲ. ಮೂರು ವರ್ಷ ಕಳೆಯಲಿ, ಕೈಗೆ ಬಂದ ಕೆಲಸ ಮುಗಿಯಲಿ, ಆಮೇಲೆ ಬರುವ ಮಗು ಹೆಚ್ಚಿನ ಸಂತೋಷದಲ್ಲಿ ಬರಲಿ ಎಂಬುದು ಅವರ ಎಣಿಕೆ. ಪ್ರಯೋಗಶಾಲೆಯ ಕೆಲಸ, ಭಾಷೆ ತಿಳಿಯದ ಊರು, ಹಿಡಿದು ಕೂರಿಸಿ ಎರೆಯುವ ತಾಯಿಯಾಗಲಿ ಅತ್ತೆಯಾಗಲಿ ಹತ್ತಿರವಿಲ್ಲದ ಮನೆ. ಅಂಥಲ್ಲಿ ಎಣಿಸದ ಹೊತ್ತಿನಲ್ಲಿ ಬಸುರು ನಿಂತರೆ ಕಷ್ಟಪಟ್ಟು ಪಡೆದ ಅವಕಾಶ ಕೈಬಿಟ್ಟು ಹೋದೀತೆಂಬ ಭಯ ಅವಳಿಗಿತ್ತು. ಅವಳ ತಾಯಿಯ ಕಾಲೇಜು ಹಾಗೆಯೇ ಎರಡನೆಯ ವರ್ಷಕ್ಕೆ ನಿಂತಿತ್ತು. ಆ ತಾಯಿ ಮಗಳ ಮುಂದೆ ಒಂದು ದಿನವೂ ಅದಕ್ಕಾಗಿ ಕೊರಗಿದವರಲ್ಲ. ಆದರೆ ಹಳೆಯ ಪಠ್ಯಪುಸ್ತಕಗಳನ್ನು ಇಂದಿಗೂ ರದ್ದಿಗೆ ಹಾಕಿಲ್ಲ.

ಮೊದಲ ಹೆಜ್ಜೆ ಇಟ್ಟವನು ಗಂಡ. ಒಂದು ಸಂಜೆ ಧೈರ್ಯ ಮಾಡಿ ಊರಿನ ಔಷಧದಂಗಡಿಗೆ ಹೋದ. ಅಂಗಡಿಯವರು ಅವನನ್ನು ಎತ್ತಿ ಆಡಿಸಿದವರು, ತಂದೆಯ ಸ್ನೇಹಿತರು. ‘ಏನಪ್ಪಾ, ಏನು ಬೇಕಾಗಿತ್ತು?’ ಎಂದು ಅವರು ಕೇಳಿದರು. ಅಷ್ಟರಲ್ಲಿ ಹಿಂದೆ ಇಬ್ಬರು ಬಂದು ನಿಂತರು. ಅವನು ಮನೆಗೆ ಮರಳಿದಾಗ ಕೈಯಲ್ಲಿದ್ದುದು ಒಂದು ಸೀಸೆ ಕೆಮ್ಮಿನ ಔಷಧ. ಮನೆಯಲ್ಲಿ ಯಾರಿಗೂ ಕೆಮ್ಮಿರಲಿಲ್ಲ. ಆ ರಾತ್ರಿ ಇಬ್ಬರೂ ನಕ್ಕರು. ನಕ್ಕು ಮುಗಿದ ಮೇಲೆ, ಇದು ಅಂಗಡಿಯ ಮುಂದೆ ನಿಂತು ನಿರ್ಧರಿಸುವ ಸಂಗತಿಯಲ್ಲ, ವೈದ್ಯರನ್ನೇ ಕೇಳುವುದು ಮೇಲು ಎಂದು ಅವಳು ಹೇಳಿದಳು. ಮರುವಾರ ಇಬ್ಬರೂ ಕೋಲಾರಕ್ಕೆ ಹೋಗಿ ವೈದ್ಯೆಯೊಬ್ಬರನ್ನು ಕಂಡರು.

ವೈದ್ಯೆ ಮೊದಲು ಹೊಗಳಿದ್ದು ಅವರು ಬಂದ ಸಮಯವನ್ನು. ‘ಹೆಚ್ಚಿನವರು ವಿಮಾನಕ್ಕೆ ಎರಡು ದಿನ ಉಳಿದಿರುವಾಗ ಬರುತ್ತಾರೆ. ನೀವು ನಾಲ್ಕು ತಿಂಗಳು ಮುಂಚೆ ಬಂದಿದ್ದೀರಿ. ಯಾವುದನ್ನೇ ಆರಿಸಿದರೂ ಅದು ಮೈಗೆ ಒಗ್ಗುತ್ತದೆಯೋ ಇಲ್ಲವೋ ಎಂಬುದನ್ನು ಇಲ್ಲಿಯೇ ನೋಡಿಕೊಳ್ಳಬಹುದು’ ಎಂದರು. ಬಳಿಕ ಒಂದೊಂದನ್ನೇ ವಿವರಿಸಿದರು.

ದಿನಕ್ಕೊಂದರಂತೆ ನುಂಗುವ ಮಾತ್ರೆ ಎಲ್ಲರಿಗೂ ಗೊತ್ತಿರುವುದೇ. ಮಾಲಾ-ಡಿ ಪೊಟ್ಟಣದಲ್ಲಿ 28 ಮಾತ್ರೆಗಳು; ಅವುಗಳಲ್ಲಿ 21 ಹಾರ್ಮೋನಿನವು, 7 ಕಬ್ಬಿಣಾಂಶದವು. ನಿಯಮ ತಪ್ಪದೆ ನುಂಗಿದರೆ ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಜನ ಮರೆಯುತ್ತಾರೆ. ಮರೆವನ್ನೂ ಲೆಕ್ಕಕ್ಕೆ ಹಿಡಿದರೆ ವರ್ಷಕ್ಕೆ 100 ಮಂದಿಯಲ್ಲಿ ಸುಮಾರು 7 ಮಂದಿಗೆ ಬಸುರು ನಿಲ್ಲುವುದುಂಟು. ಪ್ರಯಾಣಿಕರಿಗೆ ಇನ್ನೊಂದು ತೊಡಕು. ಗಡಿಯಾರದ ಮುಳ್ಳು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಆದರೆ ಎರಡು ಮಾತ್ರೆಗಳ ನಡುವಿನ ಅಂತರ 24 ಗಂಟೆ ಮೀರಬಾರದು. ಆದ್ದರಿಂದ ಹೊರಟ ಊರಿನ ಸಮಯವನ್ನೇ ಮೊದಲು ಹಿಡಿದಿರಬೇಕು. ನುಂಗಿದ ಸ್ವಲ್ಪ ಹೊತ್ತಿನಲ್ಲೇ ವಾಂತಿಯಾದರೆ ಇನ್ನೊಂದನ್ನು ನುಂಗಬೇಕು. ನಮ್ಮಲ್ಲಿ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಮಾತ್ರೆಗೆ ಜರ್ಮನಿಯಲ್ಲಿ ವೈದ್ಯರ ಚೀಟಿ ಬೇಕು. ಅಲ್ಲಿನ ಸಾರ್ವಜನಿಕ ವಿಮೆ ಇದರ ವೆಚ್ಚ ಭರಿಸುವುದು 22 ವರ್ಷ ತುಂಬುವವರೆಗೆ ಮಾತ್ರ. ಹೆಸರುಗಳೂ ಬೇರೆಬೇರೆ, ಆದುದರಿಂದ ಪೊಟ್ಟಣದ ಮೇಲಿನ ಹೆಸರನ್ನಲ್ಲ, ಒಳಗಿರುವ ಔಷಧದ ಹೆಸರನ್ನೂ ಅದರ ಪ್ರಮಾಣವನ್ನೂ ಬರೆದಿಟ್ಟುಕೊಳ್ಳಬೇಕು.

ಇಷ್ಟು ಹೇಳಿ ವೈದ್ಯೆ ಒಂದು ಪ್ರಶ್ನೆ ಕೇಳಿದರು: ‘ನಿಮಗೆ ತಲೆನೋವು ಬರುತ್ತದೆಯೇ?’

ಬರುತ್ತಿತ್ತು. ಅರೆತಲೆನೋವು. ಅದು ಆರಂಭವಾಗುವ ಮುನ್ನ ಕಣ್ಣೆದುರು ಮಿಂಚಿನ ಗೆರೆಗಳು ಕಾಣುತ್ತಿದ್ದವು. ಗಂಡನಿಗೂ ಅವಳು ಅದನ್ನು ಸರಿಯಾಗಿ ವಿವರಿಸಿರಲಿಲ್ಲ. ವೈದ್ಯೆ ಕೂಡಲೇ ಆ ಬಗೆಯ ಮಾತ್ರೆಯನ್ನು ಹೊಡೆದುಹಾಕಿದರು. ಅದರಲ್ಲಿರುವ ಈಸ್ಟ್ರೋಜನ್ ರಕ್ತ ಹೆಪ್ಪುಗಟ್ಟುವ ಸಂಭವವನ್ನು ತುಸು ಹೆಚ್ಚಿಸುತ್ತದೆ. ಇಂಥ ತಲೆನೋವಿನವರು ಅದನ್ನು ಸೇವಿಸಿದರೆ ಪಾರ್ಶ್ವವಾಯುವಿನ ಅಪಾಯ ಉಂಟು. ಗೆಳತಿಗೆ ಒಗ್ಗಿತೆಂದು ತಾನೂ ತಂದು ನುಂಗಿದ್ದರೆ ಏನಾಗುತ್ತಿತ್ತೆಂದು ನೆನೆದು ಅವಳ ಮೈ ಜುಮ್ಮೆಂದಿತು.

ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಕಂಡುಹಿಡಿದ ವಾರದ ಮಾತ್ರೆಯೊಂದಿದೆ. 1991ರಲ್ಲಿ ಸಹೇಲಿ ಎಂಬ ಹೆಸರಿನಲ್ಲಿ ಪೇಟೆಗೆ ಬಂತು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದರ ಹೆಸರು ಛಾಯಾ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೊಂದು. ಆದರೆ ಪರದೇಶದ ಅಂಗಡಿಯಲ್ಲಿ ಅದು ಸಿಕ್ಕೇ ಸಿಗುತ್ತದೆಂದು ನೆಚ್ಚಿ ಹೊರಡುವಂತಿಲ್ಲ. 2017ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ದೊರೆಯುವ ಅಂತರಾ ಚುಚ್ಚುಮದ್ದನ್ನು ಮೂರು ತಿಂಗಳಿಗೊಮ್ಮೆ ತಪ್ಪದೆ ಹಾಕಿಸಿಕೊಳ್ಳಬೇಕು. ನಿಲ್ಲಿಸಿದ ಮೇಲೆ ಬಸುರು ನಿಲ್ಲಲು ಹಲವು ತಿಂಗಳು ತಡವಾಗಬಹುದು. ತೋಳಿನ ಚರ್ಮದಡಿ ಇರಿಸುವ ಸಣ್ಣ ಕಡ್ಡಿಯೂ ಉಂಟು; ಅದರ ಅವಧಿ ಮೂರು ವರ್ಷ. ನಿರೋಧ್ ಎಂಬ ಹೆಸರಿನಲ್ಲಿ 1968ರಿಂದ ಮನೆಮಾತಾದ ಕಾಂಡೋಮಿಗೆ ಬೇರಾವುದಕ್ಕೂ ಇಲ್ಲದ ಒಂದು ಗುಣವಿದೆ: ಅದು ರೋಗಗಳಿಂದಲೂ ಕಾಪಾಡುತ್ತದೆ. ಆದರೆ ಬಿಸಿಲಿಗೆ, ಎಣ್ಣೆಗೆ ರಬ್ಬರು ಕೆಡುತ್ತದೆ. ಹಣದ ಚೀಲದಲ್ಲಿ ತಿಂಗಳುಗಟ್ಟಲೆ ಇಟ್ಟುಕೊಂಡು ತಿರುಗುವ ವಸ್ತು ಅಲ್ಲ.

ಕೊನೆಯದು ಕಾಪರ್-ಟಿ. ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದ ಪ್ಲಾಸ್ಟಿಕ್ಕಿಗೆ ತಾಮ್ರ ಸುತ್ತಿದ ಪುಟ್ಟ ಸಾಧನ. ಗರ್ಭಕೋಶದೊಳಗೆ ಇರಿಸಿದರೆ ತಾಮ್ರದ ಗುಣದಿಂದ ವೀರ್ಯಾಣುಗಳು ನಿಷ್ಕ್ರಿಯವಾಗುತ್ತವೆ. ಹಾರ್ಮೋನಿಲ್ಲ, ನಿತ್ಯದ ನೆನಪಿನ ಕಾಟವಿಲ್ಲ. 375 ಎಂಬುದು ಐದು ವರ್ಷಕ್ಕೆ, 380-ಎ ಎಂಬುದು ಹತ್ತು ವರ್ಷಕ್ಕೆ. ಬೇಡವಾದ ದಿನ ತೆಗೆಸಬಹುದು, ತೆಗೆಸಿದ ಮೇಲೆ ಮಗುವಾಗಲು ಅಡ್ಡಿಯಿಲ್ಲ. ವರ್ಷಕ್ಕೆ 100 ಮಂದಿಯಲ್ಲಿ ಒಬ್ಬರಿಗೂ ತಪ್ಪುವುದಿಲ್ಲವೆನ್ನಬಹುದು. ಮೊದಲ ಮೂರರಿಂದ ಆರು ತಿಂಗಳು ಮುಟ್ಟಿನ ಸ್ರಾವ, ನೋವು ಹೆಚ್ಚಾಗಬಹುದು; ಜಾರಿಬೀಳುವ ಸಂಭವವೂ ಆ ತಿಂಗಳುಗಳಲ್ಲೇ ಹೆಚ್ಚು. ‘ಅದಕ್ಕೇ ನೀವು ಬಂದ ಸಮಯ ಒಳ್ಳೆಯದೆಂದೆ’ ಎಂದರು ವೈದ್ಯೆ.

ಅವಳು ಆರಿಸಿದಳು, ಆದರೆ ಅಂದೇ ಹಾಕಿಸಿಕೊಳ್ಳಲಿಲ್ಲ. ಮನೆಯಲ್ಲಿ ಹಿರಿಯರಿದ್ದಾರೆ, ಕದ್ದು ಮಾಡಬೇಕಾದ ಕೆಲಸವಲ್ಲ ಇದು, ಎಂದಳು.

ಅತ್ತೆ ಮಾತು ಕೇಳಿ ಕೈಯಲ್ಲಿದ್ದ ಮೊರ ಕೆಳಗಿಟ್ಟರು. ‘ಒಂದೂ ಆಗದವರು ಹಾಕಿಸಿಕೊಳ್ಳಬಾರದಂತಲ್ಲೇ! ಅದು ಎದೆಗೇರುತ್ತದಂತೆ!’ ಮಗ ವೈದ್ಯೆಯ ಮಾತುಗಳನ್ನು ಒಪ್ಪಿಸಿದ. ಹೆರದವರೂ ಹಾಕಿಸಿಕೊಳ್ಳಬಹುದು, ಗರ್ಭಕೋಶದಿಂದ ಎದೆಗೆ ದಾರಿಯೇ ಇಲ್ಲ. ಅತ್ತೆಗೆ ಸಮಾಧಾನವಾಗಲಿಲ್ಲ. ‘ನಾಲ್ಕು ಜನ ಕೇಳಿದರೆ ಏನು ಹೇಳಲಿ?’ ಎಂದರು.

ಆಗ ಜಗಲಿಯ ಮೇಲೆ ಉಪ್ಪಿನಕಾಯಿಗೆಂದು ಮಾವಿನಕಾಯಿ ಹೆಚ್ಚುತ್ತಿದ್ದ ಅಜ್ಜಿ ಈಳಿಗೆಯನ್ನು ಮಡಿಸಿದರು. ವಯಸ್ಸು ಎಂಬತ್ತು ದಾಟಿದೆ. ಗಡಿಯ ಊರಿನ ಜೀವ. ತೆಲುಗು ಕನ್ನಡ ಎರಡೂ ಅವರ ನಾಲಗೆಯ ಮೇಲೆ ಅಕ್ಕತಂಗಿಯರಂತೆ ಇವೆ. ‘ಅಮ್ಮಾಯಿ, ಇಲ್ಲಿ ಬಾ’ ಎಂದು ಮೊಮ್ಮಗನ ಹೆಂಡತಿಯನ್ನು ಕರೆದು, ಅರವತ್ತು ವರ್ಷಗಳ ಹಿಂದಿನ ಮಾತೊಂದನ್ನು ಹೇಳಿದರು.

1965ರಲ್ಲಿ ಸರ್ಕಾರ ದೇಶದಲ್ಲೆಲ್ಲ ಲೂಪನ್ನು ಪ್ರಚಾರಕ್ಕೆ ತಂದಿತು. ಹಾವಿನಂತೆ ಬಳುಕಿದ ಪ್ಲಾಸ್ಟಿಕ್ಕಿನ ಸುರುಳಿ. ಇಂದಿನ ಕಾಪರ್-ಟಿಯ ಹಿರಿಯಕ್ಕನೆನ್ನಬಹುದು. ಮರುವರ್ಷ ಒಂದು ಶಿಬಿರದಲ್ಲಿ, ಮೂರು ಮಕ್ಕಳ ತಾಯಿಯಾಗಿದ್ದ ಅಜ್ಜಿಯೂ ಹಾಕಿಸಿಕೊಂಡರು. ಅವರ ಇಚ್ಛೆಯೇ ಅದು. ಆದರೆ ರಕ್ತ ಹೆಚ್ಚು ಹೋಗಬಹುದೆಂದು ಯಾರೂ ಹೇಳಲಿಲ್ಲ. ಹೋದರೆ ಯಾರ ಬಳಿಗೆ ಬರಬೇಕೆಂದೂ ಹೇಳಲಿಲ್ಲ. ಎರಡು ತಿಂಗಳು ನೆತ್ತರು ನಿಲ್ಲಲಿಲ್ಲ. ಅತ್ತೆಗೆ ಹೇಳಲು ಅಂಜಿಕೆ, ಗಂಡನಿಗೆ ಹೇಳಲು ನಾಚಿಕೆ. ಕೊನೆಗೆ ಬಾವಿಕಟ್ಟೆಯ ಮೇಲೆ ತಲೆ ತಿರುಗಿ ಬಿದ್ದ ಮೇಲೆ ತೆಗೆಸಿದ್ದಾಯಿತು. ಆಮೇಲೆ ಇನ್ನೂ ಮೂರು ಹೆರಿಗೆ, ಕೊನೆಯದು ಉಳಿಯಲಿಲ್ಲ.

‘ಲೂಪು ಕೆಟ್ಟದ್ದೆಂದು ಹೇಳುತ್ತಿಲ್ಲ ನಾನು’ ಎಂದರು ಅಜ್ಜಿ. ‘ಯಾರೂ ಬಾಯಿ ಬಿಡಲಿಲ್ಲವಲ್ಲ, ಅದು ಕೆಟ್ಟದ್ದು. ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.’ ಬಳಿಕ ಸೊಸೆಯ ಕಡೆ ತಿರುಗಿ, ‘ನಾಲ್ಕು ಜನ ಕೇಳಿದರೆ, ಓದು ಮುಗಿಯಲಿ ಎಂದಿದ್ದಾರೆ ಎನ್ನು. ಸುಳ್ಳೇನಲ್ಲವಲ್ಲ?’ ಎಂದರು.

ಅತ್ತೆ ಬಹಳ ಹೊತ್ತು ಮಾತನಾಡಲಿಲ್ಲ. ಅವರು ಈ ಮನೆಗೆ ಸೊಸೆಯಾಗಿ ಬಂದು ಮೂವತ್ತೈದು ವರ್ಷ. ಈ ಸಂಗತಿ ಅವರ ಕಿವಿಗೆ ಬಿದ್ದದ್ದು ಅದೇ ಮೊದಲು.

ಆ ಶಿಬಿರಗಳ ಕಥೆ ಆ ಒಂದು ಮನೆಯದಲ್ಲ. 1930ರಷ್ಟು ಹಿಂದೆಯೇ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಮುಂದಾದ ಸರ್ಕಾರ ಮೈಸೂರು ಸಂಸ್ಥಾನದ್ದು. ಕೋಲಾರವೂ ಅದಕ್ಕೆ ಸೇರಿತ್ತು. 1952ರಲ್ಲಿ ಇಡೀ ದೇಶಕ್ಕೆ ಕಾರ್ಯಕ್ರಮ ಬಂತು. ಕೆಲಸ ಮೊದಲೇ ಆರಂಭವಾಗಿದ್ದರೂ ಲೂಪಿನ ಕಾಲದಲ್ಲಿ ಹಾಕಿದವರ ಎಣಿಕೆಗೆ ಇದ್ದ ಅವಸರ ಅವರ ಆರೈಕೆಗೆ ಇರಲಿಲ್ಲ. 1975ರಿಂದ 1977ರವರೆಗಿನ ತುರ್ತು ಪರಿಸ್ಥಿತಿಯಲ್ಲಿ ಒತ್ತಾಯದ ಶಸ್ತ್ರಚಿಕಿತ್ಸೆಗಳೂ ನಡೆದವು. ಜನರ ಭಯ ಹುಟ್ಟಿದ್ದು ಬರಿಯ ಮೌಢ್ಯದಿಂದಲ್ಲ, ಅದಕ್ಕೆ ಕಾರಣಗಳಿದ್ದವು.

ಜೂನ್ ಎರಡನೆಯ ವಾರ ಅವಳು ಮತ್ತೆ ಕೋಲಾರಕ್ಕೆ ಹೋದಳು. ಈ ಸಲ ಜೊತೆಗೆ ಅತ್ತೆಯೂ ಹೊರಟರು. ರಕ್ತ ಪರೀಕ್ಷೆಯಲ್ಲಿ ಕೊರತೆಯೇನೂ ಕಾಣಲಿಲ್ಲ. ಸಾಧನ ಇರಿಸಲು ಕೆಲವೇ ನಿಮಿಷ ಸಾಕಾಯಿತು. ಅಂದು ಸಂಜೆ ಹೊಟ್ಟೆ ಹಿಂಡಿದಂತಾಗಿ ಮಲಗಿದಳು. ಮರುತಿಂಗಳು ಮುಟ್ಟು ಕಳೆದ ಮೇಲೆ ವೈದ್ಯೆ ಮತ್ತೆ ನೋಡಿ, ಇರಬೇಕಾದ ಜಾಗದಲ್ಲೇ ಇದೆಯೆಂದರು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಸ್ರಾವ ಹೆಚ್ಚಾಗಿತ್ತು, ಸೆಪ್ಟೆಂಬರಿನಲ್ಲಿ ಇಳಿಯಿತು. ಆ ಎರಡು ತಿಂಗಳು ಅಜ್ಜಿ ಎಲ್ಲರೆದುರಿಗೇ ‘ಹೇಗಿದೆಯಮ್ಮಾ?’ ಎಂದು ಕೇಳುತ್ತಿದ್ದರು. ಅವಳು ನಾಚದೆ ಉತ್ತರ ಹೇಳುತ್ತಿದ್ದಳು. ಅತ್ತೆ ರಾಗಿ ಅಂಬಲಿ, ನುಗ್ಗೆಸೊಪ್ಪಿನ ಸಾರು ಮಾಡಿ ಬಡಿಸುತ್ತಿದ್ದರು.

ತೀವ್ರವಾದ ಹೊಟ್ಟೆನೋವು, ಜ್ವರ, ಮುಟ್ಟು ತಪ್ಪುವುದು, ಒಳಗಿನ ದಾರ ಕೈಗೆ ಸಿಗದಿರುವುದು, ಇವುಗಳಲ್ಲಿ ಯಾವುದು ಕಂಡರೂ ಅಲ್ಲಿನ ವೈದ್ಯರ ಬಳಿಗೆ ತಡಮಾಡದೆ ಹೋಗಬೇಕೆಂದು ವೈದ್ಯೆ ಬರೆದುಕೊಟ್ಟರು. ಸಾಧನದ ಹೆಸರು, ಇರಿಸಿದ ದಿನಾಂಕ, ತೆಗೆಸಬೇಕಾದ ವರ್ಷ ಇವಿಷ್ಟನ್ನು ಒಂದು ಸಣ್ಣ ಕಾರ್ಡಿನ ಮೇಲೆ ನಮೂದಿಸಿದರು.

ಹೊರಡುವ ಹಿಂದಿನ ರಾತ್ರಿ ನಡುಮನೆಯಲ್ಲಿ ಪೆಟ್ಟಿಗೆಗಳ ತೂಕ ನೋಡಲಾಯಿತು. ಮಿತಿಗಿಂತ ಎರಡು ಕಿಲೋ ಹೆಚ್ಚು. ಕುಕ್ಕರು ಹೊರಬಂತು, ಉಪ್ಪಿನಕಾಯಿಯನ್ನು ಮುಟ್ಟುವ ಧೈರ್ಯ ಯಾರಿಗೂ ಆಗಲಿಲ್ಲ. ಅಜ್ಜಿ ಪಟ್ಟಿಯನ್ನು ಗಟ್ಟಿಯಾಗಿ ಓದಿಸಿದರು. ನಾಲ್ಕು ಹಾಳೆಗಳೂ ಮುಗಿದ ಮೇಲೆ, ‘ಆ ಡಾಕ್ಟರಮ್ಮನ ಕಾರ್ಡು?’ ಎಂದು ಕೇಳಿದರು.

‘ಚೀಲದಲ್ಲಿದೆ, ಅಜ್ಜಿ.’

‘ಚೀಲದಲ್ಲಿ ಬೇಡ. ಪಾಸ್‌ಪೋರ್ಟಿನ ಜೊತೆಗಿಡು. ಅದನ್ನಾದರೆ ನೀವು ಕಳೆದುಕೊಳ್ಳುವುದಿಲ್ಲ.’