ಔಟಾದರೂ ಸೋತಿಲ್ಲ



ನಮ್ಮ ಗೋರಂಟ್ಲದಲ್ಲಿ ಎಲ್ಲರಿಗೂ ಕ್ರಿಕೆಟ್ ಹುಚ್ಚು. ನನಗೆ ಈ ವರ್ಷದಿಂದ ಅಮೆರಿಕದ ಬೇಸ್‌ಬಾಲ್ ಹುಚ್ಚು. ಬೇಸಿಗೆಯಲ್ಲಿ ನ್ಯೂಯಾರ್ಕ್‌ನ ಸಂಜೆ 7ರ ಪಂದ್ಯ ನಮಗೆ ಬೆಳಗಿನ ಜಾವ 4.30ಕ್ಕೆ. ಒಂದು ತಂಡಕ್ಕೆ ಸೀಸನ್‌ನಲ್ಲಿ 162 ಪಂದ್ಯ! ಈಟಿ ಎಸೆಯುತ್ತಿದ್ದ ಉತ್ತರ ಪ್ರದೇಶದ ರಿಂಕು ಸಿಂಗ್, ದಿನೇಶ್ ಪಟೇಲ್ 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಸಹಿ ಹಾಕಿದ್ದರೆಂದು ಓದಿದ ಮೇಲೆ ಆಟ ಇನ್ನೂ ಹತ್ತಿರವಾಯಿತು.

ಆದರೆ ನನ್ನ ಮನಸ್ಸು ಮುಟ್ಟಿದ್ದು 'ಸ್ಯಾಕ್ರಿಫೈಸ್ ಬಂಟ್'. ಬೇಸ್‌ನಲ್ಲಿರುವ ಜೊತೆಗಾರ ಮುಂದೆ ಹೋಗಲಿ ಎಂದು ಬ್ಯಾಟರ್ ಜೋರಾಗಿ ಬೀಸದೆ, ಚೆಂಡನ್ನು ಮೆಲ್ಲಗೆ ತಟ್ಟಿ ತಾನು ಔಟಾಗುತ್ತಾನೆ. ಆ ಔಟ್ ಅವನ ಬ್ಯಾಟಿಂಗ್ ಸರಾಸರಿಯನ್ನು ಇಳಿಸುವುದಿಲ್ಲ. ತ್ಯಾಗ ಎಂದೇ ಬರೆದಿಡುತ್ತಾರೆ.

ಅಪ್ಪ ತೀರಿಕೊಂಡಾಗ ನನ್ನಕ್ಕ ಇಂಟರ್ ಬಿಟ್ಟು ಹಿಂದೂಪುರದಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದಳು. ಅವಳ ಸಂಬಳದಲ್ಲೇ ನಾನು ಡಿಗ್ರಿ ಓದುತ್ತಿದ್ದೇನೆ. ನೆಂಟರು ಅವಳನ್ನು "ಓದು ತಲೆಗೆ ಹತ್ತಲಿಲ್ಲ" ಎನ್ನುತ್ತಾರೆ. ಅವರ ಲೆಕ್ಕ ತಪ್ಪು. ಓಪನ್ ಸ್ಕೂಲ್‌ನಲ್ಲಿ ಅವಳ ಇಂಟರ್ ಫೀಸು ಕಟ್ಟಲು ನಾನೀಗ ಟ್ಯೂಷನ್ ಹೇಳಿ ದುಡ್ಡು ಕೂಡಿಸುತ್ತಿದ್ದೇನೆ. ಈ ಸಲ ಅವಳು ಮುಂದೆ ಹೋಗಬೇಕು.

ನಿಮ್ಮ ಮನೆಯಲ್ಲೂ ಹೀಗೆ ನಿಮಗಾಗಿ ಔಟಾದವರು ಇದ್ದಾರಾ? ಅವರ ಹೆಸರನ್ನೂ ಲೆಕ್ಕಕ್ಕೆ ಬರೆದುಕೊಳ್ಳಿ.